ಒಬ್ಬ ರೋಗಿ, ಹಲವು ಕಾಲೇಜು

ವಿಜಯಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು 1984ರಲ್ಲಿಯೂ, ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿಯೂ ಆರಂಭವಾದವು. ನರ್ಸಿಂಗ್, ಫಾರ್ಮಸಿ, ಆಯುರ್ವೇದ ಕಾಲೇಜುಗಳೂ ಇರುವುದರಿಂದ, ಆರೋಗ್ಯ ಸೇವೆಯ ಹಲವು ವೃತ್ತಿಗಳ ವಿದ್ಯಾರ್ಥಿಗಳು ಒಂದೇ ನಗರದಲ್ಲಿ ಓದುತ್ತಾರೆ. ಇಂಥವರನ್ನು ಒಬ್ಬ ರೋಗಿಯ ಸುತ್ತ ಕೂಡಿಸಿ ಕಲಿಸುವ ಕ್ರಮವೇ ಅಂತರವೃತ್ತಿ ಶಿಕ್ಷಣ. ಎರಡು ಅಥವಾ ಹೆಚ್ಚು ವೃತ್ತಿಗಳವರು ಪರಸ್ಪರರ ಬಗ್ಗೆ, ಪರಸ್ಪರರಿಂದ, ಪರಸ್ಪರರೊಡನೆ ಕಲಿಯುವುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2010ರ ಚೌಕಟ್ಟು ಅದನ್ನು ವಿವರಿಸುತ್ತದೆ; ಆದ್ದರಿಂದ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಉಪನ್ಯಾಸ ಕೊಟ್ಟರೆ ಅದು ಈ ಶಿಕ್ಷಣವಾಗದು.

ವಿಜಯಪುರಕ್ಕೆ ಹತ್ತಿರದ ತಿಕೋಟಾ ಕಡೆಯ ದ್ರಾಕ್ಷಿ ತೋಟದ ಕೂಲಿಕಾರನೊಬ್ಬ ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ ದಾಖಲಾಗಿದ್ದಾನೆಂದು ಭಾವಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ವೈದ್ಯಕೀಯ ವಿದ್ಯಾರ್ಥಿ ಇನ್ಸುಲಿನ್ ಪ್ರಮಾಣವನ್ನು ಲೆಕ್ಕ ಹಾಕುವಷ್ಟರಲ್ಲಿ, ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಫಾರ್ಮಸಿ ವಿದ್ಯಾರ್ಥಿ ಕೇಳುತ್ತಾನೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಔಷಧಿ ಸತ್ವ ಕಳೆದುಕೊಳ್ಳದಂತೆ ಅದನ್ನು ನೀರಿನ ಹರವಿಯ ಪಕ್ಕ, ಒದ್ದೆಯಾಗದಂತೆ, ತಂಪಿನಲ್ಲಿ ಇಡುವ ಬಗೆಯನ್ನು ಹೇಳಿಕೊಡಬೇಕಾಗುತ್ತದೆ. ಸೂಜಿ ಹಾಕುವವರು ಯಾರು, ಪಟ್ಟಿ ಬದಲಿಸುವವರು ಯಾರು ಎಂಬುದನ್ನು ನರ್ಸಿಂಗ್ ವಿದ್ಯಾರ್ಥಿನಿ ರೋಗಿಯ ಹೆಂಡತಿಯಿಂದ ತಿಳಿದುಕೊಳ್ಳುತ್ತಾಳೆ. ಹುಣ್ಣಿನ ಮೇಲೆ ಭಾರ ಬೀಳದ ಚಪ್ಪಲಿಯನ್ನು ಫಿಸಿಯೋಥೆರಪಿಯವನು ಸೂಚಿಸುತ್ತಾನೆ. ಜೋಳದ ರೊಟ್ಟಿ ಬಿಡಬೇಕಿಲ್ಲ, ಎಷ್ಟೆಂಬುದು ಮುಖ್ಯ ಎಂದು ಆಹಾರ ತಜ್ಞೆ ತಿದ್ದುತ್ತಾಳೆ. ಇವುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಹಾಕಿದ ಪ್ರಮಾಣ ಕಾಗದದಲ್ಲೇ ಉಳಿಯುತ್ತದೆ.

ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯ 1986ರಲ್ಲೇ ಇಂಥ ಪಾಠಕ್ರಮ ಆರಂಭಿಸಿ, 1996ರಲ್ಲಿ ವಿದ್ಯಾರ್ಥಿಗಳೇ ಮೇಲ್ವಿಚಾರಕರ ಕಣ್ಗಾವಲಿನಲ್ಲಿ ನಡೆಸುವ ವಾರ್ಡನ್ನು ತೆರೆಯಿತು. ಕರ್ನಾಟಕದಲ್ಲಿ ಮಣಿಪಾಲದ ಸಂಸ್ಥೆಯು ಅಂತರರಾಷ್ಟ್ರೀಯ ವೈದ್ಯಕೀಯ ಶಿಕ್ಷಣ ಪ್ರತಿಷ್ಠಾನವಾದ ಫೈಮರ್ ಜೊತೆಗೂಡಿ ಅಧ್ಯಾಪಕರಿಗೆ ಅಂತರವೃತ್ತಿ ಶಿಕ್ಷಣದ ತರಬೇತಿ ನೀಡುತ್ತಿದೆ. ಇದು ಸರಿಯಾದ ಆರಂಭ, ಏಕೆಂದರೆ ತಾವೇ ಬೇರೆ ಬೇರೆಯಾಗಿ ಕಲಿತ ಅಧ್ಯಾಪಕರಿಗೆ ಕೂಡಿ ಕಲಿಸುವುದು ಸುಲಭವಲ್ಲ.

ಭಾರತದ ತೊಡಕು ಆಡಳಿತದಲ್ಲಿದೆ. ವೈದ್ಯಕೀಯಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ನರ್ಸಿಂಗ್‌ಗೆ ಅದರದೇ ನಿಯಂತ್ರಣ ಸಂಸ್ಥೆ, ಫಾರ್ಮಸಿಗೆ 1948ರ ಕಾಯ್ದೆಯ ಪರಿಷತ್ತು, ಫಿಸಿಯೋಥೆರಪಿಯಂತಹ ಸಹಾಯಕ ವೃತ್ತಿಗಳಿಗೆ 2021ರ ಕಾಯ್ದೆಯ ಆಯೋಗ ಎಂದು ಪ್ರತಿಯೊಂದಕ್ಕೂ ಬೇರೆ ಪಠ್ಯ, ಬೇರೆ ವೇಳಾಪಟ್ಟಿ ಇರುವುದರಿಂದ, ಒಂದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಭೇಟಿಯಾಗುವವರು ತರಗತಿಯಲ್ಲಿ ಭೇಟಿಯಾಗುವುದಿಲ್ಲ. ಎಂಬಿಬಿಎಸ್ ವಿದ್ಯಾರ್ಥಿ ಆರೋಗ್ಯ ತಂಡದ ನಾಯಕನೂ ಸದಸ್ಯನೂ ಆಗಬೇಕೆಂದು ವೈದ್ಯಕೀಯ ಆಯೋಗದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಹೇಳುತ್ತದೆ. ಆದರೆ ನಾಯಕತ್ವ ಬೇಗ ರೂಢಿಯಾಗುತ್ತದೆ, ಸದಸ್ಯತ್ವಕ್ಕೆ ಅಭ್ಯಾಸ ಬೇಕು. ಅದೇ ಆಯೋಗದ ಕುಟುಂಬ ದತ್ತು ಕಾರ್ಯಕ್ರಮದಡಿ ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಮನೆಗಳಿಗೆ ಹೇಗೂ ಹೋಗಬೇಕಾಗಿರುವುದರಿಂದ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಿಗೆ ಅವರ ಜೊತೆ ನರ್ಸಿಂಗ್, ಫಾರ್ಮಸಿಯವರನ್ನೂ ಕಳುಹಿಸಲು ಹೊಸ ಕಟ್ಟಡವೇನೂ ಬೇಕಿಲ್ಲ. ಆ ಭೇಟಿಗೆ ಎಲ್ಲರ ಆಂತರಿಕ ಮೌಲ್ಯಮಾಪನದಲ್ಲೂ ಅಂಕ ಇರಬೇಕು; ಅಂಕವಿಲ್ಲದ್ದಕ್ಕೆ ಪರೀಕ್ಷೆಯ ಹೊರೆ ಹೊತ್ತ ವಿದ್ಯಾರ್ಥಿ ಸಮಯ ಕೊಡುವುದಿಲ್ಲ.