ಉಸಿರಿಗೆಂದು ಕೊಟ್ಟ ಔಷಧದ ಮೇಲೆ ಅನುಮಾನ

ಫೆನೊಟೆರಾಲ್ ಎಂಬ ಇನ್‌ಹೇಲರ್ ನ್ಯೂಜಿಲೆಂಡಿನ ಔಷಧ ಅಂಗಡಿಗಳಿಗೆ ಬಂದದ್ದು 1976ರಲ್ಲಿ. ಬಿಗಿದುಕೊಂಡ ಶ್ವಾಸನಾಳವನ್ನು ಅದು ನಿಮಿಷಗಳಲ್ಲಿ ಸಡಿಲಿಸುತ್ತಿತ್ತು. ಆ ವರ್ಷದಿಂದಲೇ ಅಲ್ಲಿ ಅಸ್ತಮಾದಿಂದ ಸಾಯುವ ಹರೆಯದವರ ಸಂಖ್ಯೆಯೂ ಏರತೊಡಗಿ, ಮೂರೇ ವರ್ಷಗಳಲ್ಲಿ ಸುಮಾರು ಮೂರು ಪಟ್ಟಾಯಿತು. ಬೇರೆ ದೇಶಗಳಲ್ಲಿ ಹೀಗಾಗಿರಲಿಲ್ಲ.

ವೆಲಿಂಗ್ಟನ್ನಿನ ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಮತ್ತು ಸಂಗಡಿಗರು ಸಾವಿನ ಕಡತಗಳನ್ನು ಬಿಚ್ಚಿ ಕೂತರು. ಸತ್ತ 117 ಮಂದಿಗೆ ಯಾವ ಔಷಧ ಬರೆದುಕೊಟ್ಟಿದ್ದರು, ಬದುಕಿರುವ 468 ಅಸ್ತಮಾ ರೋಗಿಗಳಿಗೆ ಯಾವುದು ಎಂದು ತಾಳೆ ನೋಡಿದರು. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು: ಸತ್ತವರಲ್ಲಿ ಫೆನೊಟೆರಾಲ್ ಬಳಸುತ್ತಿದ್ದವರ ಪಾಲು ಹೆಚ್ಚು.

ಆಕ್ಷೇಪ ತಕ್ಷಣ ಬಂತು. ಕಾಯಿಲೆ ಜೋರಾಗಿದ್ದವರಿಗೇ ವೈದ್ಯರು ಈ ಔಷಧ ಕೊಡುತ್ತಿದ್ದರು. ಅವರು ಸತ್ತರೆ ತಪ್ಪು ಕಾಯಿಲೆಯದು, ಔಷಧದ್ದಲ್ಲ ಎಂದು. ವಾದದಲ್ಲಿ ಹುರುಳಿತ್ತು. ಹಾಗಿದ್ದರೆ ತೀವ್ರ ಅಸ್ತಮಾ ಇರುವವರನ್ನಷ್ಟೇ ಹೋಲಿಸಿದಾಗ ವ್ಯತ್ಯಾಸ ಕರಗಬೇಕಿತ್ತು. ಆದರೆ ಅದು ಇನ್ನೂ ಹಿಗ್ಗಿತು. ಇಡೀ ಸಂಶೋಧನೆಯ ಜೀವಾಳ ಇದೇ ಎನ್ನುವುದು ನನ್ನ ಅಭಿಪ್ರಾಯ. ಸರ್ಕಾರ ಈ ಔಷಧದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಸಾವು ಸುಮಾರು ಅರ್ಧಕ್ಕಿಳಿಯಿತು. ಆದರೂ ಜಗಳವೇನೂ ಅಲ್ಲಿಗೆ ಮುಗಿಯಲಿಲ್ಲ. ಪಿಯರ್ಸ್ ಈ ಕಥೆಯನ್ನು ಮುಂದೆ ಪುಸ್ತಕವನ್ನಾಗಿಯೇ ಬರೆದರು.

ಔಷಧ ಮಾಡುತ್ತಿದ್ದದ್ದೇನು? ಫೆನೊಟೆರಾಲಿನ ಒಂದು ಪಫ್‌ನಲ್ಲಿ 200 ಮೈಕ್ರೋಗ್ರಾಂ, ಅದೇ ಬಗೆಯ ಇನ್ನೊಂದು ಔಷಧವಾದ ಸಾಲ್ಬುಟಮಾಲಿನದರಲ್ಲಿ 100. ಪದೇ ಪದೇ ಎಳೆದುಕೊಂಡರೆ ಎದೆಬಡಿತ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಮೊದಲೇ ಆಮ್ಲಜನಕವಿಲ್ಲದೆ ಬಳಲಿದ ಹೃದಯಕ್ಕೆ ಇವೆರಡೂ ಹೊರೆ. ನಾಳದ ಬಿಗಿತ ಸಡಿಲಿಸುವ ಔಷಧ ಅದರೊಳಗಿನ ಉರಿಯೂತವನ್ನು ಮುಟ್ಟುವುದಿಲ್ಲ ಎನ್ನುವುದು ಇನ್ನೊಂದು ಅಪಾಯ. ‘ಈಗ ಹಗುರಾಯಿತಲ್ಲ’ ಎಂದುಕೊಂಡು ರೋಗಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾನೆ. ಒಳಗೆ ಊತ ಬೆಳೆಯುತ್ತಲೇ ಇರುತ್ತದೆ.

ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ದಾರಿ ತೋರುವ ‘ಗೀನಾ’ ಸಂಸ್ಥೆ 2019ರಲ್ಲಿ ನಿಲುವು ಬದಲಿಸಿ, ಹರೆಯದವರಿಗೆ ಮತ್ತು ವಯಸ್ಕರಿಗೆ ಸಾಲ್ಬುಟಮಾಲ್‌ನಂಥ ತ್ವರಿತ ಶಮನದ ಔಷಧವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳಬೇಡಿ, ಜೊತೆಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರ್ ಇರಲೇಬೇಕು ಎಂದಿತು. ನಮ್ಮಲ್ಲಿ ಗೂರಲು ಬಂದಾಗ ಮೆಡಿಕಲ್ ಸ್ಟೋರಿನಿಂದ ಅದೇ ಹಳೆಯ ಪಂಪು ತಂದು ಒತ್ತಿಕೊಳ್ಳುವವರು ಈಗಲೂ ಬಹಳ. ‘ಸ್ಟೀರಾಯ್ಡ್ ಬೇಡಪ್ಪ’ ಎನ್ನುವ ಹೆದರಿಕೆ ಬೇರೆ.

ಇದನ್ನು ಓದಿ ನಿಮ್ಮ ಇನ್‌ಹೇಲರನ್ನು ಬಿಸಾಡಬೇಡಿ. ದಾಳಿಯ ಹೊತ್ತಿಗೆ ಅದು ಬೇಕೇ ಬೇಕು. ಆದರೆ ಮೊದಲಿಗಿಂತ ಹೆಚ್ಚು ಬಾರಿ ಅದಕ್ಕೆ ಕೈ ಹೋಗುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಉರಿಯೂತಕ್ಕೆ ಏನು ಕೊಡುತ್ತೀರಿ ಎಂದು ಕೇಳಿ.