ಕಲ್ಲಿನ ತೆರಿಗೆ, ಕಾಗದದ ತೆರಿಗೆ: ಸಿದ್ಧಾಯದಿಂದ 26ಎಎಸ್‌ವರೆಗೆ

ಈ ಸಲ ಬರೆಯಬೇಕು ಅಂದುಕೊಂಡಿದ್ದು ಶಾಸನಗಳಲ್ಲಿ ಬರುವ ತೆರಿಗೆಯ ಹೆಸರುಗಳ ಬಗ್ಗೆ ಮಾತ್ರ. ಆದರೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ತಿಂಗಳುಗಳಲ್ಲೇ ತೀರಿಹೋದ ಅಪ್ಪನ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಒಂದು ಕೈಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕ, ಇನ್ನೊಂದು ಕೈಯಲ್ಲಿ ಅಪ್ಪನ ಫೈಲು. ಎರಡನ್ನೂ ಬೇರೆ ಮಾಡಿ ಬರೆಯೋಕೆ ಆಗಲಿಲ್ಲ, ಕ್ಷಮಿಸಿ.

ಮೊದಲು ಕಲ್ಲಿನ ವಿಷಯ. ನಮ್ಮ ಶಾಸನಗಳಲ್ಲಿ ತೆರಿಗೆಯ ಹೆಸರುಗಳಿಗೆ ಬರವಿಲ್ಲ. ಸಿದ್ಧಾಯ ಅಂದರೆ ಭೂಮಿಯ ಮೇಲಿನ ನಿಗದಿತ ಕಂದಾಯ. ಸುಂಕ, ಹೆಜ್ಜುಂಕ ಇವು ಸರಕು ಸಾಗಣೆಯ ಮೇಲಿನವು. ಮನೆಗೆ ಮನೆದೆರೆ, ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ. ಮದುವೆಗೂ ಸುಂಕ ಇತ್ತು. ದುಡ್ಡಿಲ್ಲದವನು ಮೈಯಿಂದ ತೀರಿಸುವುದು ಬಿಟ್ಟಿ. ‘ಬಿಟ್ಟಿ ಚಾಕರಿ’ ಅಂತ ಇವತ್ತಿಗೂ ಅನ್ನುತ್ತೇವಲ್ಲ, ಅದೇ. ಇನ್ನು ಅಪುತ್ರಿಕ ಅಂದರೆ ವಾರಸುದಾರರಿಲ್ಲದೆ ಸತ್ತವರ ಆಸ್ತಿ ಅರಸನಿಗೆ ಸೇರುವ ಹಕ್ಕು.

ಇಲ್ಲಿ ಹೊಸಬರು ಗಮನಿಸಬೇಕಾದ ಒಂದು ವಿಷಯ ಇದೆ. ಈ ಹೆಸರುಗಳು ನಮಗೆ ಹೆಚ್ಚಾಗಿ ಸಿಗುವುದು ತೆರಿಗೆ ಹಾಕಿದ ಆದೇಶಗಳಲ್ಲಲ್ಲ, ಅದನ್ನು ಬಿಟ್ಟುಕೊಟ್ಟ ದಾಖಲೆಗಳಲ್ಲಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ‘ಪತ್ತೊಂದಿ’ ಎಂಬ ಪದ ಬರುತ್ತದೆ. ಹತ್ತರಲ್ಲೊಂದು ಪಾಲಿನ ತೆರಿಗೆಯನ್ನು ಬಿಟ್ಟದ್ದು ಅಂತ ವಿದ್ವಾಂಸರು ಅದನ್ನು ಅರ್ಥೈಸಿದ್ದಾರೆ. ವಿಜಯನಗರ ಕಾಲಕ್ಕೆ ಬಂದರೆ ಬಾದಾಮಿಯ ಶಾಸನ ನೋಡಿ: ಸದಾಶಿವರಾಯನ ಆಳ್ವಿಕೆಯಲ್ಲಿ ಕೊಂಡೋಜ ಮೊದಲಾದ ನಾವಿದರು ಅಳಿಯ ರಾಮರಾಯನನ್ನು ಮೆಚ್ಚಿಸಿ ತಮ್ಮ ಕಸುಬಿನವರಿಗೆಲ್ಲ ತೆರಿಗೆ ಮಾಫಿ ಪಡೆದರು.

ಹಾಗಂತ ‘ಬಿಟ್ಟರು’ ಅಂತ ಕಂಡಲ್ಲೆಲ್ಲ ಮಾಫಿ ಅಂದುಕೊಳ್ಳಬೇಡಿ. ಶುರುವಿನಲ್ಲಿ ನಾನೂ ಈ ತಪ್ಪು ಮಾಡಿದ್ದೆ. ಎಷ್ಟೋ ಕಡೆ ‘ಬಿಟ್ಟರು’ ಅಂದರೆ ಆ ಆದಾಯವನ್ನು ದೇವರಿಗೋ ಮಠಕ್ಕೋ ದತ್ತಿ ಬಿಟ್ಟರು ಅಂತ. ಗಾಣದವನು ಕೊಡುವುದು ತಪ್ಪಲಿಲ್ಲ, ಇಸಿದುಕೊಳ್ಳುವವರು ಬದಲಾದರು ಅಷ್ಟೇ. ಯಾರಿಗೆ ಬಿಟ್ಟರು, ಯಾವುದಕ್ಕಾಗಿ ಬಿಟ್ಟರು ಎಂಬುದನ್ನು ನೋಡಿಯೇ ಅರ್ಥ ಮಾಡಬೇಕು.

ಈಗ ಅಪ್ಪನ ಫೈಲಿಗೆ ಬರೋಣ. ಅಪ್ಪನ ಹಳೇ ಠೇವಣಿಯೊಂದರ ಬಡ್ಡಿಗೆ ಬ್ಯಾಂಕಿನವರು ಶೇ 20ರಂತೆ ಟಿಡಿಎಸ್ ಕತ್ತರಿಸಿದ್ದರು. ಬಡ್ಡಿಗೆ ಮಾಮೂಲಿ ಶೇ 10. ಪ್ಯಾನ್ ಕೊಡದಿದ್ದರೆ 20. ಆ ಠೇವಣಿಗೆ ಪ್ಯಾನ್ ಜೋಡಿಸಿರಲಿಲ್ಲ. ಹಾಗಾಗಿ ಕತ್ತರಿಸಿದ ಹಣ ಅಪ್ಪನ 26ಎಎಸ್‌ನಲ್ಲಿ ಇರಲೇ ಇಲ್ಲ. 26ಎಎಸ್ ಅಂದರೆ ನಮ್ಮ ಹೆಸರಲ್ಲಿ ಎಷ್ಟು ತೆರಿಗೆ ಜಮಾ ಆಗಿದೆ ಅಂತ ತೋರಿಸುವ ಪಟ್ಟಿ. ಅದರಲ್ಲಿ ಇಲ್ಲದ ಹಣಕ್ಕೆ ರೀಫಂಡ್ ಕೇಳಿದರೆ ಲೆಕ್ಕ ತಾಳೆಯಾಗುವುದಿಲ್ಲ.

ತಮಾಷೆ ಏನಂದರೆ, ಅಪ್ಪ ಪ್ಯಾನ್ ಕೊಟ್ಟಿದ್ದರು. ಜೆರಾಕ್ಸ್ ಪ್ರತಿಯ ಮೇಲೆ ಶಾಖೆಯ ದುಂಡು ಸೀಲು, ತಾರೀಕು, ಯಾರದೋ ಸಹಿ, ಎಲ್ಲಾ ಫೈಲಿನಲ್ಲಿತ್ತು. ತೆಗೆದುಕೊಂಡು ಹೋದೆ. ಕೌಂಟರಿನವರು ನೋಡಿ, “ಸೀಲು ನಮ್ಮದೇ ಸಾರ್, ಆದ್ರೆ ಸಿಸ್ಟಮ್‌ನಲ್ಲಿ ಇಲ್ವಲ್ಲ. ಅಕೌಂಟ್ ಹೋಲ್ಡರೇ ಬಂದು ಹೊಸದಾಗಿ ಅರ್ಜಿ ಕೊಡ್ಲಿ” ಅಂದರು. ಮರಣ ಪತ್ರ ಅವರ ಮೇಜಿನ ಮೇಲೇ ಇತ್ತು.

ತಾಮ್ರಶಾಸನಗಳ ಉಂಗುರಕ್ಕೆ ರಾಜಲಾಂಛನದ ಮುದ್ರೆ ಹಾಕುತ್ತಿದ್ದದ್ದು ಪತ್ರ ಅಸಲಿ ಅಂತ ನಂಬಿಸಲಿಕ್ಕೆ. ಆಗಲೂ ಕೂಟಶಾಸನಗಳು, ಅಂದರೆ ನಕಲಿ ಶಾಸನಗಳು ಇದ್ದವು. ಗಂಗರ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ನಕಲಿ ಎಂದು ವಾದಿಸಿದ್ದರು. ಆದರೆ ಮುದ್ರೆ ಅಸಲಿ ಅಂತ ಒಪ್ಪಿಕೊಂಡೂ ಪತ್ರ ನಡೆಯೋದಿಲ್ಲ ಅಂದ ಉದಾಹರಣೆ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಹೆಸರಿನ ಹಿಂದೆ ಎರಡು ಇನಿಷಿಯಲ್: ಒಂದು ಊರಿನದು, ಒಂದು ತಂದೆಯದು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಹಾಗಾಗಿ ಪ್ಯಾನ್‌ನಲ್ಲಿ ಅಪ್ಪನ ಉಪನಾಮದ ಜಾಗದಲ್ಲಿ ತಾತ ಕೂತಿದ್ದಾರೆ, ಮರಣ ಪತ್ರದಲ್ಲಿ ಬರೀ ಇನಿಷಿಯಲ್. ಎರಡು ಕಲ್ಲುಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬಂದ ಹೆಸರು ಒಬ್ಬನದೇ ಎಂದು ತೋರಿಸಲು ನಾವು ಕಾಲ, ಸ್ಥಳ, ಬಿರುದು, ವಂಶ ಎಲ್ಲ ತಾಳೆ ನೋಡುತ್ತೇವೆ. ಇಲ್ಲಿ ಅದಕ್ಕೆ ಛಾಪಾ ಕಾಗದದ ಮೇಲೆ ಅಫಿಡವಿಟ್. ಅಪ್ಪ ಅಪ್ಪನೇ ಎಂದು ಮಗ ಪ್ರಮಾಣ ಮಾಡಿ ಸಹಿ ಹಾಕಿದ.

ಇದೇ ಗೋಜಲಿನಲ್ಲಿರುವವರಿಗೆ ಉಪಯೋಗವಾಗಲಿ ಅಂತ ದಾರಿ ಹೇಳುತ್ತೇನೆ. ಸತ್ತವರ ಪರವಾಗಿ ರಿಟರ್ನ್ ಸಲ್ಲಿಸಲು ಮೊದಲು ತೆರಿಗೆ ಪೋರ್ಟಲಿನಲ್ಲಿ ಕಾನೂನುಬದ್ಧ ವಾರಸುದಾರ ಎಂದು ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಮರಣ ಪತ್ರ, ಮೃತರ ಮತ್ತು ನಮ್ಮ ಪ್ಯಾನ್, ವಾರಸುದಾರಿಕೆಯ ಪುರಾವೆ ಬೇಕು. ಟಿಡಿಎಸ್ ತಪ್ಪನ್ನು ನಾವು ತಿದ್ದಲು ಆಗುವುದಿಲ್ಲ. ಕತ್ತರಿಸಿದವರೇ ತಿದ್ದುಪಡಿ ವಿವರಪಟ್ಟಿ ಸಲ್ಲಿಸಬೇಕು. ಬ್ಯಾಂಕಿಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. ನಾನು ನಾಲ್ಕು ಸಲ ಅಲೆದೆ, ಮೂರನೇ ಪತ್ರಕ್ಕೆ ಕೆಲಸ ಆಯಿತು.

ನಡುವೆ ಅಮ್ಮ ಅಂದಳು, “ಬಿಡೋ, ಎಷ್ಟು ದುಡ್ಡು ಅಂತ ಒದ್ದಾಡ್ತೀಯ.” ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಮೂವತ್ತು ವರ್ಷ ಪ್ರತಿ ರಸೀದಿಗೂ ತಾರೀಕು ಹಾಕಿ ಜೋಡಿಸಿಟ್ಟ ಮನುಷ್ಯ ‘ಪ್ಯಾನ್ ಕೊಡದವರು’ ಅಂತ ದಾಖಲೆಯಲ್ಲಿ ಉಳಿಯುವುದು ನನಗೆ ಸರಿ ಕಾಣಲಿಲ್ಲ.

ಹಳೇ ಕಾಲ ಚೆನ್ನಾಗಿತ್ತು ಅನ್ನುವ ಮಾತು ನಾನು ಆಡುತ್ತಿಲ್ಲ. 1429ರ ಸುಮಾರಿನ ವೃದ್ಧಾಚಲಂ, ಕೊರುಕ್ಕೈ ಶಾಸನಗಳನ್ನು ಓದಿ. ತೆರಿಗೆ ತಡೆಯಲಾರದೆ ಬಲಗೈ, ಎಡಗೈ ಪಂಗಡಗಳು ತಮ್ಮ ಜಗಳ ಬಿಟ್ಟು ಒಂದಾಗಿ ನಿಂತ ದಾಖಲೆ ಅವು. ಆದರೆ ಒಂದು ಅನುಕೂಲ ಇತ್ತು. ಬಾದಾಮಿಯಲ್ಲಿ ಸುಂಕದವನು ಬಂದು ಕೇಳಿದರೆ ನಾವಿದನು ಕಲ್ಲನ್ನು ತೋರಿಸಬಹುದಿತ್ತು. ದಾಖಲೆ ಊರ ಕಣ್ಣೆದುರೇ ಇತ್ತು. ನಮ್ಮ ದಾಖಲೆ ಇನ್ನೊಬ್ಬರ ಸಿಸ್ಟಮ್‌ನಲ್ಲಿದೆ. ನಮ್ಮ ಕೈಲಿರುವುದು ಪ್ರತಿ ಮಾತ್ರ.

ಹೋದ ತಿಂಗಳು 26ಎಎಸ್‌ನಲ್ಲಿ ಆ ಸಾಲು ಬಂತು. ಅಪ್ಪನ ಪ್ಯಾನ್, ಮುಂದೆ ಮೊತ್ತ. ರೀಫಂಡ್ ಇನ್ನೂ ಬಂದಿಲ್ಲ, ಬರುತ್ತದೆ. ಪ್ರಿಂಟು ತೆಗೆದು ತಾರೀಕು ಹಾಕಿ ಅಪ್ಪನ ಫೈಲಿನ ಕೊನೆಗೆ ಸೇರಿಸಿದೆ.

ನಿಮ್ಮೂರಿನ ಕಲ್ಲಿನಲ್ಲಿ ‘ತೆರೆ’ ಎಂದು ಕೊನೆಯಾಗುವ ಪದ ಕಂಡರೆ ಫೋಟೋ ತೆಗೆದು ಸುಮ್ಮನಾಗಬೇಡಿ. ಅದರ ಮುಂದೆ ಏನಿದೆ, ಬಿಟ್ಟಿದ್ದು ಯಾರಿಗೆ ಎಂಬುದನ್ನೂ ಓದಿ ಬರೆದಿಟ್ಟುಕೊಳ್ಳಿ.