ಕೋಶವೃಕ್ಷದ ಶೋಧನೆಯೂ ‘ಇಲ್ಲ’ವೆಂಬ ಮಾತಿನ ಪ್ರಾಮಾಣ್ಯವೂ

ಶಾಸನಪಾಠಗಳನ್ನು ಗಣಕಯಂತ್ರದಲ್ಲಿ ಕಡತಗಳಾಗಿ ಕೂಡಿಟ್ಟು, ಬೇಕಾದ ಪದವನ್ನು ಯಂತ್ರದಿಂದಲೇ ಹುಡುಕಿಸುವುದು ಈಗ ಸಾಧ್ಯವಾಗಿರುತ್ತದೆ. ಯಂತ್ರವು ಪದವನ್ನು ತೋರಿಸಿಕೊಟ್ಟರೆ ವಿವಾದವಿಲ್ಲ. ಆ ಕಡತವನ್ನು ತೆರೆದು ನೋಡಬಹುದು. ಆದರೆ ‘ಎಲ್ಲಿಯೂ ಇಲ್ಲ’ವೆಂದು ಹೇಳಿದರೆ ಆ ಮಾತು ಎಷ್ಟರಮಟ್ಟಿಗೆ ಪ್ರಮಾಣ? ‘ಈ ಬಿರುದು ಶಿವಮೊಗ್ಗದ ಶಾಸನಗಳಲ್ಲಿ ದೊರೆಯುವುದಿಲ್ಲ’ವೆಂಬ ಒಂದೇ ವಾಕ್ಯದ ಮೇಲೆ ಒಬ್ಬ ಅರಸನ ಕಾಲನಿರ್ಣಯವು ನಿಲ್ಲಬಹುದಾದ ಕಾರಣ, ಈ ಪ್ರಶ್ನೆಯು ಅಲ್ಪವಾದುದಲ್ಲ. ಇದನ್ನು ತೀರ್ಮಾನಿಸಬೇಕಾದರೆ ಯಂತ್ರವು ಹುಡುಕುವ ಕ್ರಮವನ್ನು ಮೊದಲು ತಿಳಿಯತಕ್ಕದ್ದು.

ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ೧೯೦೨ರಲ್ಲಿಯೂ, ಎಂಟನೆಯ ಸಂಪುಟದಲ್ಲಿ ೧೯೦೪ರಲ್ಲಿಯೂ ಪ್ರಕಟಿಸಿದರು. ಮೊದಲನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳೂ, ಎರಡನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳೂ ಅಡಕವಾಗಿವೆ. ಒಬ್ಬ ವಿದ್ಯಾರ್ಥಿಯು ಇವನ್ನು ಯಂತ್ರದಲ್ಲಿ ಜೋಡಿಸಿದನೆಂದು ಭಾವಿಸೋಣ. ಜಿಲ್ಲೆಯೊಂದು ಕೋಶ, ಅದರೊಳಗೆ ತಾಲ್ಲೂಕಿನ ಕೋಶಗಳು, ಅವುಗಳೊಳಗೆ ಊರಿನ ಕೋಶಗಳು, ಊರಿನೊಳಗೆ ಒಂದೊಂದು ಶಾಸನಕ್ಕೆ ಒಂದೊಂದು ಕಡತ. ಕಾಕುಸ್ಥವರ್ಮನ ಕೀರ್ತಿಯನ್ನು ಹೇಳುವ ತಾಳಗುಂದದ ಸ್ತಂಭಶಾಸನವು ಶಿಕಾರಿಪುರ ತಾಲ್ಲೂಕಿನ ೧೭೬ನೆಯ ಶಾಸನ. ಅದನ್ನು ಮುಟ್ಟುವ ದಾರಿ ಶಿವಮೊಗ್ಗ, ಶಿಕಾರಿಪುರ, ತಾಳಗುಂದ, ೧೭೬ ಎಂದಾಗುವುದು. ಬೇರು ಮೇಲಾಗಿ ಕೊಂಬೆಗಳು ಕೆಳಗಾಗಿರುವ ಈ ರಚನೆಗೆ ಕೋಶವೃಕ್ಷವೆಂದು ಹೆಸರಿಡಬಹುದು.

ಈ ವೃಕ್ಷವನ್ನು ಶೋಧಿಸುವ ವಿಧಿಯನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುವುದು ಸುಲಭ. ೧೯೯೫ರಲ್ಲಿ ಹುಟ್ಟಿದ ಈ ಭಾಷೆಯು ೨೦೦೯ರಲ್ಲಿ ಬಂದ ‘ನೋಡ್’ ಎಂಬ ಸಾಧನದ ಮೂಲಕ ಯಂತ್ರದ ಕಡತಗಳನ್ನು ನೇರವಾಗಿ ಮುಟ್ಟುವ ಶಕ್ತಿಯನ್ನು ಪಡೆಯಿತು. ಅದರ ‘ರೀಡ್‌ಡಿರ್’ ಎಂಬ ಕ್ರಿಯೆಯು ಒಂದು ಕೋಶದೊಳಗಿನ ವಸ್ತುಗಳ ಪಟ್ಟಿಯನ್ನು ಕೊಡುವುದು; ಕೇಳಿಕೊಂಡರೆ ಯಾವುದು ಕಡತ, ಯಾವುದು ಕೋಶ ಎಂಬುದನ್ನೂ ತಿಳಿಸುವುದು. ವಿಧಿಯು ಇಷ್ಟೆ: ಕೋಶವನ್ನು ತೆರೆ, ಒಳಗಿನ ಒಂದೊಂದು ವಸ್ತುವನ್ನೂ ನೋಡು, ಅದು ಕಡತವಾದರೆ ಓದಿ ಪದವನ್ನು ಹುಡುಕು, ಕೋಶವಾದರೆ ಇದೇ ವಿಧಿಯನ್ನು ಅದಕ್ಕೂ ಅನ್ವಯಿಸು. ಹೀಗೆ ವಿಧಿಯು ತನ್ನನ್ನೇ ಮರಳಿ ಕರೆಯುವುದಕ್ಕೆ ‘ರಿಕರ್ಷನ್’ ಎಂದು ಹೆಸರು. ತಾಲ್ಲೂಕಿಗೊಂದು, ಊರಿಗೊಂದು ಎಂದು ಬೇರೆ ಬೇರೆ ವಿಧಿಗಳು ಬೇಡ. ವೃಕ್ಷವು ಎಷ್ಟು ಹಂತಗಳದಾದರೂ ಒಂದೇ ವಿಧಿ ಸಾಕು.

ಇಲ್ಲಿ ತಾರ್ಕಿಕರು ಅನವಸ್ಥಾದೋಷವನ್ನು ಶಂಕಿಸಬಹುದು: ತನ್ನನ್ನೇ ಕರೆಯುವ ವಿಧಿಗೆ ಕೊನೆಯೆಲ್ಲಿ? ಸಮಾಧಾನವಿದು. ಪ್ರತಿಸಲವೂ ವಿಧಿಯು ಒಂದು ಹಂತ ಕೆಳಗಿಳಿಯುತ್ತದೆ. ಕಡತವೇ ಎಲೆಯಾದುದರಿಂದ ಅದರ ಕೆಳಗೆ ಮತ್ತೊಂದು ಹಂತವಿಲ್ಲ. ಬರಿದಾದ ಕೋಶದಲ್ಲಿಯೂ ಮುಂದೆ ಕರೆಯಲು ಏನೂ ಇಲ್ಲ. ಆದ್ದರಿಂದ ಶುದ್ಧವಾದ ವೃಕ್ಷದಲ್ಲಿ ಅನವಸ್ಥೆಯುಂಟಾಗದು.

ಆದರೆ ವ್ಯವಹಾರದ ವೃಕ್ಷವು ಯಾವಾಗಲೂ ಶುದ್ಧವಾಗಿರುವುದಿಲ್ಲ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ೧೯೯೭ರಲ್ಲಿ ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿದವು. ರೈಸ್ ಅವರ ಎಂಟು ತಾಲ್ಲೂಕುಗಳಲ್ಲಿ ಭದ್ರಾವತಿಯ ಹೆಸರೇ ಇಲ್ಲ. ಇಂದು ಅದು ಪ್ರತ್ಯೇಕ ತಾಲ್ಲೂಕು, ಆ ಊರಿನ ಹಳೆಯ ಹೆಸರು ಬೆಂಕೀಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಆ ಊರಿನ ವಿಷಯವನ್ನು ‘ಭದ್ರಾವತಿ’ಯ ಕೋಶದಲ್ಲಿಯೇ ಹುಡುಕುವೆನೆಂದು ಹೊರಟವನಿಗೆ ಹಳೆಯ ವಿಂಗಡಣೆಯಲ್ಲಿ ಆ ಕೋಶವೇ ಸಿಕ್ಕದು. ಈ ತೊಡಕನ್ನು ಬಿಡಿಸಲು ಒಂದೇ ಕೋಶಕ್ಕೆ ಎರಡು ಕಡೆಯಿಂದ ದಾರಿಮಾಡುವ ಕೊಂಡಿಗಳನ್ನು ಇಡುವುದುಂಟು: ಹೊನ್ನಾಳಿಯ ಕೋಶವು ಶಿವಮೊಗ್ಗದಲ್ಲಿದ್ದು, ಅದರ ಕೊಂಡಿಯು ದಾವಣಗೆರೆಯಲ್ಲಿರುವುದು.

ಕೊಂಡಿಯಿಂದ ಎರಡು ಅಪಾಯಗಳು. ರೀಡ್‌ಡಿರ್ ತಿಳಿಸುವ ಜಾತಿಯನ್ನೇ ನಂಬಿದರೆ, ಕೊಂಡಿಯು ಕೋಶವೆಂದು ಎಣಿಕೆಯಾಗುವುದಿಲ್ಲ. ದಾವಣಗೆರೆಯಿಂದ ಹೊರಟ ಶೋಧನೆಯು ಹೊನ್ನಾಳಿಯನ್ನು ಹೊಗದೆ ಮುಂದೆ ಸಾಗುವುದು. ಕೊಂಡಿಗಳನ್ನು ಅನುಸರಿಸಿಯೇ ತೀರುವೆನೆಂದರೆ, ಒಳಗಿನ ಒಂದು ಕೊಂಡಿಯು ಮೇಲಿನ ಜಿಲ್ಲೆಯನ್ನೇ ತೋರಿದಾಗ ಚಕ್ರಕದೋಷವು ಬರುವುದು: ಜಿಲ್ಲೆಯಿಂದ ತಾಲ್ಲೂಕು, ತಾಲ್ಲೂಕಿನಿಂದ ಮರಳಿ ಜಿಲ್ಲೆ. ಒಂದೇ ಶಾಸನವು ಬೇರೆ ಬೇರೆ ದಾರಿಗಳ ಹೆಸರಿನಲ್ಲಿ ಹತ್ತಾರು ಸಲ ಎಣಿಕೆಯಾಗಿ, ಕಡೆಗೆ ಯಂತ್ರವೇ ತಡೆದು ನಿಲ್ಲಿಸಬೇಕಾಗುತ್ತದೆ. ಪರಿಹಾರವೆಂದರೆ, ಒಂದೊಂದು ಕೋಶವನ್ನು ಹೊಗುವ ಮುನ್ನ ‘ರಿಯಲ್‌ಪಾತ್’ ಎಂಬ ಕ್ರಿಯೆಯಿಂದ ಅದರ ನಿಜವಾದ ದಾರಿಯನ್ನು ತಿಳಿದು ಬರೆದಿಟ್ಟುಕೊಳ್ಳುವುದು. ಆ ದಾರಿಯು ಪಟ್ಟಿಯಲ್ಲಿ ಮೊದಲೇ ಇದ್ದರೆ ಒಳಹೊಗದಿರುವುದು.

ಮೂರನೆಯ ಅಪಾಯವು ಅಕ್ಷರದ್ದು. ‘ಶಿವಮೊಗ್ಗ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು ಯೂನಿಕೋಡ್ ಸಂಕೇತದಲ್ಲಿ ಒಂದೇ ಸಂಖ್ಯೆಯಿಂದಲೂ ಬರೆಯಬಹುದು. ಎಕಾರದ ಮತ್ತು ಊಕಾರದ ಚಿಹ್ನೆಗಳ ಎರಡು ಸಂಖ್ಯೆಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹೊನ್ನಾಳಿ, ಸೊರಬಗಳಿಗೂ ಇದೇ ಗತಿ. ಹುಡುಕುವ ಪದವನ್ನೂ ಕಡತದ ಪಾಠವನ್ನೂ ‘ನಾರ್ಮಲೈಸ್’ ಎಂಬ ಕ್ರಿಯೆಯಿಂದ ಏಕರೂಪಕ್ಕೆ ತಂದ ಮೇಲೆಯೇ ಹೋಲಿಸತಕ್ಕದ್ದು.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಯಾವುದೋ ಕೋಶವನ್ನು ತೆರೆಯಲು ಅನುಮತಿಯಿಲ್ಲದಿದ್ದರೆ ರೀಡ್‌ಡಿರ್ ದೋಷವನ್ನು ಸಾರಿ ಹೇಳುವುದು. ಕೆಲಸವು ಅರ್ಧಕ್ಕೆ ನಿಲ್ಲಬಾರದೆಂದು ಆ ದೋಷವನ್ನು ಹಿಡಿದು ಸದ್ದಿಲ್ಲದೆ ನುಂಗಿಬಿಡುವಂತೆ ವಿಧಿಯನ್ನು ಬರೆಯುವುದುಂಟು. ಆಗ ಸೊರಬದ ಕೋಶವೇ ಮುಚ್ಚಿದ್ದರೂ ಯಂತ್ರವು ‘ಇಲ್ಲ’ವೆಂದೇ ಹೇಳುವುದು.

‘ನೋಡ್’ನ ಈಚಿನ ಆವೃತ್ತಿಗಳಲ್ಲಿ ಒಂದು ಸೂಚನೆಯನ್ನು ಕೊಟ್ಟರೆ ರೀಡ್‌ಡಿರ್ ತಾನೇ ಒಳಗಿನ ಕೋಶಗಳಿಗೆಲ್ಲ ಇಳಿಯುವುದಲ್ಲಾ, ಇಷ್ಟೆಲ್ಲ ಶ್ರಮವೇಕೆಂದು ಕೇಳಬಹುದು. ಹೆಸರುಗಳ ಪಟ್ಟಿಯಷ್ಟೇ ಬೇಕಾದವರಿಗೆ ಅದು ಸಾಕು. ಕೊಂಬೆಕೊಂಬೆಗೂ ಲೆಕ್ಕವಿಡಬೇಕಾದವರು ವಿಧಿಯನ್ನು ತಾವೇ ಬರೆಯುವುದು ಲೇಸು.

ಅಭಾವವನ್ನು ತಿಳಿಯಲು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನು ಭಾಟ್ಟಮೀಮಾಂಸಕರು ಒಪ್ಪಿರುತ್ತಾರೆ. ಆದರೆ ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯಿರಬೇಕು. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ನಿರ್ಣಯವಿಲ್ಲ. ಮುಚ್ಚಿದ ಕೋಶ, ಹೊಗದೆ ಬಿಟ್ಟ ಕೊಂಡಿ, ಹೊಂದದ ಅಕ್ಷರ, ಇವೆಲ್ಲವೂ ಕತ್ತಲೆಯ ಕೋಣೆಗಳೇ.

ಆದಕಾರಣ, ಶೋಧಕವಿಧಿಯನ್ನು ಬರೆಯುವವರು ಸಿಕ್ಕಿದ ಸ್ಥಳಗಳನ್ನು ಮಾತ್ರವಲ್ಲದೆ, ತೆರೆದ ಕೋಶಗಳೆಷ್ಟು, ಓದಿದ ಕಡತಗಳೆಷ್ಟು, ಹೊಗಲಾಗದೆ ಉಳಿದವು ಯಾವುವು ಎಂಬುದನ್ನೂ ಕೊನೆಯಲ್ಲಿ ಮುದ್ರಿಸುವಂತೆ ಮಾಡಬೇಕು. ಉಳಿದವುಗಳ ಪಟ್ಟಿಯು ಬರಿದಾಗಿದ್ದಲ್ಲಿ, ‘ಈ ಸಂಗ್ರಹದಲ್ಲಿ ಇಲ್ಲ’ವೆಂದು ಧೈರ್ಯವಾಗಿ ಬರೆಯಬಹುದು; ಬರಿದಾಗದಿದ್ದಲ್ಲಿ, ‘ನಾವು ನೋಡಿದಷ್ಟರಲ್ಲಿ ಕಾಣಲಿಲ್ಲ’ವೆಂದೇ ಬರೆಯತಕ್ಕದ್ದು. ಇನ್ನೂ ಮಣ್ಣಿನೊಳಗಿರುವ ಕಲ್ಲುಗಳ ವಿಷಯದಲ್ಲಿ ಯಾವ ಯಂತ್ರವೂ ಸಾಕ್ಷಿ ನುಡಿಯಲಾರದೆಂಬುದನ್ನು ಮಾತ್ರ ಎರಡು ಪಕ್ಷದಲ್ಲಿಯೂ ಮರೆಯಬಾರದು.